ನೆನಪಿನ ಕೌದಿ: ಚೌಕದ ಅಂಚು ಮಡಿಚಿ ಕಳುಹಿಸಬೇಡಿ

ಗತಿಸಿದ ಹಿರಿಯರ ಸೀರೆ, ಪಂಚೆ, ಅಂಗಿಗಳನ್ನು ಚೌಕಗಳಾಗಿ ಕತ್ತರಿಸಿ, ಮಕ್ಕಳು ಮೊಮ್ಮಕ್ಕಳು ನೆಂಟರಿಷ್ಟರು ತಾವಿದ್ದಲ್ಲಿಯೇ ತಲಾ ಒಂದೊಂದು ಚೌಕವನ್ನು ಸಿದ್ಧಪಡಿಸಿ, ಊರಿನ ಮೂಲಮನೆಯಲ್ಲಿ ಅವೆಲ್ಲವನ್ನೂ ಕೂಡಿಸಿ ಒಂದು ಕೌದಿ ಹೊಲಿಯುವುದು, ಸೂಜಿ ಹಿಡಿದು ಅಭ್ಯಾಸವಿಲ್ಲದವರೂ ಕೈಗೂಡಿಸಬಹುದಾದ ಕೆಲಸ. ಕುಮಟಾ, ಹೊನ್ನಾವರ, ಭಟ್ಕಳದ ಅನೇಕ ಮನೆಗಳ ಮಕ್ಕಳು ಬೆಂಗಳೂರು, ಹುಬ್ಬಳ್ಳಿ, ಮುಂಬಯಿ, ಕೊಲ್ಲಿ ದೇಶಗಳಲ್ಲಿ ಹಂಚಿಹೋಗಿರುವಾಗ ಈ ಬಗೆಯ ಹೊಲಿಗೆ ಹೆಚ್ಚು ಅನುಕೂಲ. ಆದರೆ ಹೀಗೆ ಆರಂಭವಾದ ಕೌದಿಗಳು ಅರ್ಧಕ್ಕೆ ನಿಂತು ಚೀಲದಲ್ಲಿ ಉಳಿಯುವುದೂ ಉಂಟು. ಅದಕ್ಕೆ ಕಾರಣ ಹೊಲಿಗೆಯ ಒರಟುತನಕ್ಕಿಂತ ಹೆಚ್ಚಾಗಿ ಅಳತೆಯ ಅಶಿಸ್ತು.

ಕೌದಿಯೆಂದರೆ ಹಳೆಯ ಬಟ್ಟೆಯ ಹಲವು ಪದರಗಳನ್ನು ಒಂದರ ಮೇಲೊಂದು ಹಾಸಿ, ಮೇಲುಪದರದಲ್ಲಿ ತುಂಡುಬಟ್ಟೆಗಳನ್ನು ಜೋಡಿಸಿ, ಎಲ್ಲ ಪದರಗಳನ್ನೂ ಹಿಡಿಯುವಂತೆ ಕೈಸೂಜಿಯಿಂದ ಸಾಲುಸಾಲಾಗಿ ಹೊಲಿದ ಹೊದಿಕೆ. ಧಾರವಾಡ, ಗದಗ, ಬಾಗಲಕೋಟೆಯ ಸೀಮೆಯಲ್ಲಿ ಇದು ಮನೆಮನೆಯ ವಸ್ತು. ಉತ್ತರ ಕನ್ನಡದಲ್ಲಿಯೇ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಮಹಿಳೆಯರ ಕೌದಿಗಳು ದೇಶದ ಹೊರಗೂ ಹೆಸರು ಪಡೆದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟದ ಮೇಲಿನ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹಡಗೇರುತ್ತಿತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅದರ ಬೇಡಿಕೆ ಏರಿತು, ಆ ಹತ್ತಿಯ ತಳಿಗೇ ವ್ಯಾಪಾರದಲ್ಲಿ ಕುಮಟಾದ ಹೆಸರು ಅಂಟಿಕೊಂಡಿತು. ಹತ್ತಿ ಊರಿನ ಮೂಲಕ ಹಾದುಹೋಯಿತೇ ಹೊರತು ಒಣಹವೆಯ ಸೀಮೆಯ ಹೊಲಿಗೆಯ ರೂಢಿ ಕರಾವಳಿಗೆ ಯಥಾವತ್ತಾಗಿ ಹೊಂದುವುದಿಲ್ಲ, ಏಕೆಂದರೆ ಇಲ್ಲಿ ಗಾಳಿಯಲ್ಲಿ ತೇವವೂ ಉಪ್ಪೂ ಇವೆ. ಈ ಲೇಖನದ ಕೆಲವು ಸೂಚನೆಗಳು ಆ ಕಾರಣಕ್ಕೇ ಘಟ್ಟದ ಮೇಲಿನವರಿಗೆ ಅತಿಯೆನಿಸಬಹುದು.

ಬಟ್ಟೆಯ ಆಯ್ಕೆ

ತೀರಿಕೊಂಡವರ ಉಡುಪನ್ನು ಕ್ರಿಯಾಕರ್ಮದ ದಿನಗಳಲ್ಲಿಯೇ ದಾನ ಕೊಟ್ಟುಬಿಡುವ ಪದ್ಧತಿ ಹಲವು ಮನೆಗಳಲ್ಲಿದೆ. ಆದುದರಿಂದ ಕೌದಿಯ ವಿಚಾರವನ್ನು ಮನೆಯ ಹಿರಿಯರೊಡನೆ ಮೊದಲೇ ಮಾತಾಡಿ, ಯಾವ ಬಟ್ಟೆ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಒಬ್ಬರಿಗೆ ಸೀರೆ ಬೇಕಿರುವಾಗ ಇನ್ನೊಬ್ಬರು ಅದಕ್ಕೆ ಕತ್ತರಿ ಇಟ್ಟರೆ ಆಗುವ ಮನಸ್ತಾಪಕ್ಕೆ ಯಾವ ಹೊಲಿಗೆಯೂ ತೇಪೆಯಾಗದು.

ಕೌದಿಗೆ ಹತ್ತಿಬಟ್ಟೆಯೇ ಯೋಗ್ಯ. ನೋಡಲು ಹತ್ತಿಯಂತೆಯೇ ಇರುವ ಪಾಲಿಸ್ಟರ್ ಮಿಶ್ರಣವನ್ನು ಗುರುತಿಸಲು, ಬಟ್ಟೆಯ ಅಂಚಿನಿಂದ ಒಂದೆರಡು ಎಳೆ ಬಿಡಿಸಿ ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಒಡ್ಡಬೇಕು. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬೀರಿ ಮೃದುವಾದ ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಮಿಶ್ರಣದ ಬಟ್ಟೆಯನ್ನು ಪೂರ್ತಿ ಬಿಡಬೇಕೆಂದಿಲ್ಲ, ಆದರೆ ಜಾರುವ ಬಟ್ಟೆಯನ್ನು ಹೊಸಬರ ಕೈಗೆ ಕೊಡಬಾರದು. ರೇಷ್ಮೆಯ ಮದುವೆ ಸೀರೆಯ ತುಂಡು ಇರಲೇಬೇಕೆಂದರೆ, ಅಂಗೈಯಗಲದ ಒಂದು ತುಂಡನ್ನು ಹತ್ತಿಯ ಚೌಕದ ನಡುವೆ ಕೂಡಿಸಿದರೆ ಸಾಕು.

ಉಟ್ಟು ಸವೆದ ಸೀರೆಯಲ್ಲಿ ನೆರಿಗೆ ನೆಲಕ್ಕೆ ತಾಗುತ್ತಿದ್ದ ಭಾಗ ಎಲ್ಲಕ್ಕಿಂತ ದುರ್ಬಲ. ಸೆರಗಿನ ಭಾಗವೂ ಒಳಗೆ ಸಿಕ್ಕಿಸಿಕೊಳ್ಳುತ್ತಿದ್ದ ತುದಿಯೂ ಸಾಮಾನ್ಯವಾಗಿ ಗಟ್ಟಿಯಾಗಿರುತ್ತವೆ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಎಳೆಗಳ ನಡುವೆ ಸಂದು ಕಂಡರೆ, ಇಲ್ಲವೇ ಎರಡು ಹೆಬ್ಬೆರಳಿನ ನಡುವೆ ಹಿಡಿದು ಎಳೆದಾಗ ಸಣ್ಣ ಸದ್ದಿನೊಡನೆ ಬಿರಿದರೆ, ಆ ಭಾಗ ಮೇಲುಪದರಕ್ಕೆ ಬೇಡ; ಒಳಪದರಕ್ಕೆ ಅದು ಸಲ್ಲುತ್ತದೆ. ಸೀರೆಗೆ ಹಚ್ಚಿದ ಫಾಲನ್ನು ಬಿಚ್ಚಿ ತೆಗೆಯಬೇಕು.

ಬಣ್ಣ ಬಿಡುವುದನ್ನು ತಡೆಯಲು ಉಪ್ಪುನೀರಿನಲ್ಲಿ ನೆನೆಸಬೇಕೆಂಬ ಮಾತು ಬಹಳ ಪ್ರಚಾರದಲ್ಲಿದೆ. ಒಮ್ಮೆ ಬಣ್ಣ ಹಾಕಿ ಮುಗಿದ ಬಟ್ಟೆಯಲ್ಲಿ ಸಡಿಲವಾಗಿ ಉಳಿದ ಬಣ್ಣವನ್ನು ಉಪ್ಪು ಹಿಡಿದಿಡುವುದಿಲ್ಲ. ಬಟ್ಟೆಯನ್ನು ಒದ್ದೆಮಾಡಿ, ಬಿಳಿ ಪಂಚೆಯ ತುಂಡಿನ ಮೇಲಿಟ್ಟು ಇಸ್ತ್ರಿ ಒತ್ತಿದಾಗ ಬಿಳಿಯ ಮೇಲೆ ಬಣ್ಣ ಇಳಿಯದಿದ್ದರೆ ಮಾತ್ರ ಆ ಬಟ್ಟೆಯನ್ನು ನಂಬಬಹುದು. ಇಳಿದರೆ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಒಗೆಯುವುದೇ ದಾರಿ.

ಅಳತೆ

ಇಲ್ಲಿ ಸೂಚಿಸಿರುವ ಕೌದಿ ಅಡ್ಡಕ್ಕೆ 5, ಉದ್ದಕ್ಕೆ 7, ಒಟ್ಟು 35 ಚೌಕಗಳದು. ಹೊಲಿದು ಮುಗಿದ ಪ್ರತಿ ಚೌಕ 12 ಇಂಚು, ಅಂದರೆ ಒಂದು ಅಡಿ. ಇಡೀ ಕೌದಿ 5 ಅಡಿ ಅಗಲ, 7 ಅಡಿ ಉದ್ದ. ಆದರೆ ಕತ್ತರಿಸಬೇಕಾದ ಬಟ್ಟೆ 13 ಇಂಚಿನ ಚೌಕ, ಸೆಂಟಿಮೀಟರಿನಲ್ಲಿ 33. ನಾಲ್ಕೂ ಬದಿಗೆ ಬಿಡುವ ಈ ಅರ್ಧ ಇಂಚನ್ನು ದರ್ಜಿಗಳು ಮಾರ್ಜಿನ್ ಎನ್ನುತ್ತಾರೆ: ಪಕ್ಕದ ಚೌಕದೊಡನೆ ಕೂಡಿಸಿ ಹೊಲಿದಾಗ ಹಿಂಬದಿಗೆ ಸರಿದು, ಮೇಲಿನಿಂದ ಕಾಣದಾಗುವ ಬಟ್ಟೆ ಇದು.

ಮೊದಲ ಬಾರಿ ಚೌಕ ಹೊಲಿಯುವವರು ತಪ್ಪುವುದು ಇಲ್ಲಿಯೇ. ಮಾರ್ಜಿನ್ನನ್ನು ಹಾಗೆಯೇ ಕಚ್ಚಾ ಅಂಚಾಗಿ, ಎಳೆ ಬಿಟ್ಟುಕೊಂಡು ಕಳುಹಿಸುವುದು ಅವರಿಗೆ ಮರ್ಯಾದೆಯೆನಿಸದೆ, ಕರವಸ್ತ್ರಕ್ಕೆ ಮಾಡುವಂತೆ ನಾಲ್ಕೂ ಅಂಚನ್ನು ಒಳಕ್ಕೆ ಮಡಿಚಿ, ಒತ್ತೊತ್ತಾಗಿ ಹೊಲಿದು, ಇಸ್ತ್ರಿ ಮಾಡಿ, ಬಹಳ ಅಚ್ಚುಕಟ್ಟಾಗಿ ಕಳುಹಿಸುತ್ತಾರೆ. ಆ ಅಚ್ಚುಕಟ್ಟೇ ಕೌದಿಯನ್ನು ಕೆಡಿಸುತ್ತದೆ. ಮಡಿಚಿದ ಚೌಕ 12 ಇಂಚು ಇರುತ್ತದೆ, ಆದರೆ ಜೋಡಿಸಲು ಅದರಲ್ಲಿ ಬಟ್ಟೆ ಉಳಿದಿರುವುದಿಲ್ಲ. ಅದನ್ನು ಹಾಗೆಯೇ ಸೇರಿಸಿದರೆ ಎರಡೂ ಬದಿಯಿಂದ ಅರ್ಧರ್ಧ ಇಂಚು ಮತ್ತೆ ಒಳಗೆ ಹೋಗಿ ಚೌಕ 11 ಇಂಚಿಗೆ ಇಳಿಯುತ್ತದೆ, ಐದು ಚೌಕದ ಸಾಲಿನಲ್ಲಿ ಅಂಥವು ಮೂರು ಬಂದರೆ ಸಾಲು 3 ಇಂಚು ಗಿಡ್ಡವಾಗಿ ಪಕ್ಕದ ಸಾಲಿಗೆ ಕೂಡುವುದೇ ಇಲ್ಲ. ಮೇಲಾಗಿ ಮಡಿಕೆ ಸೇರಿದ ಕಡೆ ನಾಲ್ಕಾರು ಪದರ ದಪ್ಪವಾಗಿ, ಮುಂದೆ ಕೈಸೂಜಿ ಅಲ್ಲಿ ದಾಟದೆ ಮುರಿಯುತ್ತದೆ. ಆಗ ಮೂಲಮನೆಯಲ್ಲಿ ಕುಳಿತವರು ಯಾರದೋ ಅಷ್ಟು ಶ್ರಮದ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಬಿಚ್ಚಬೇಕು. ಸವೆದ ಸೀರೆಯಾದರೆ ಹೊಲಿಗೆಯ ತೂತುಗಳ ಸಾಲಿನುದ್ದಕ್ಕೂ ಬಟ್ಟೆಯೇ ಸೀಳಿಬರುತ್ತದೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1987ರಲ್ಲಿ ಆರಂಭವಾದ ಏಡ್ಸ್ ಸ್ಮಾರಕ ಕೌದಿ ಇಲ್ಲಿ ನೆನೆಯತಕ್ಕದ್ದು. ಏಡ್ಸ್‌ನಿಂದ ಸತ್ತವರ ಹೆಸರಿನಲ್ಲಿ ಆಪ್ತರು ಹೊಲಿದು ಕಳುಹಿಸಿದ ಫಲಕಗಳನ್ನು ಕೂಡಿಸಿದ ಆ ಕೌದಿಯನ್ನು ಅದೇ ವರ್ಷದ ಅಕ್ಟೋಬರ್ 11ರಂದು ವಾಷಿಂಗ್ಟನ್‌ನಲ್ಲಿ ಹಾಸಿದಾಗ ಅದರಲ್ಲಿ 1,920 ಫಲಕಗಳಿದ್ದವು. ಫಲಕದಲ್ಲಿ ಏನನ್ನು ಬರೆಯಬೇಕು, ಯಾವ ಬಟ್ಟೆ ಹಾಕಬೇಕು ಎಂಬುದನ್ನು ಸಂಘಟಕರು ಹೊಲಿಯುವವರಿಗೇ ಬಿಟ್ಟರು. ಆದರೆ ಮುಗಿದ ಅಳತೆ 3 ಅಡಿಗೆ 6 ಅಡಿ ಇರಬೇಕೆಂಬುದನ್ನೂ ಅಂಚಿಗೆ ಹೆಚ್ಚುವರಿ ಬಟ್ಟೆ ಬಿಡಬೇಕೆಂಬುದನ್ನೂ ಸಡಿಲಿಸಲಿಲ್ಲ. ಎಂಟು ಫಲಕ ಸೇರಿದರೆ 12 ಅಡಿಯ ಒಂದು ದೊಡ್ಡ ಚೌಕವಾಗುವುದು ಆ ಬಿಗಿಯಿಂದಲೇ.

ಕತ್ತರಿಸುವ ಮೊದಲು ಟೇಪನ್ನು ಪರೀಕ್ಷಿಸಬೇಕು. ಹಳೆಯ ಟೇಪು ಹಿಗ್ಗಿರುತ್ತದೆ. ಅದನ್ನು ಸ್ಟೀಲಿನ ಸ್ಕೇಲಿಗೆ ತಾಳೆ ನೋಡದೆ ಉಪಯೋಗಿಸಬಾರದು. ಮೊಬೈಲಿನಲ್ಲಿ ಬಂದ ನಕ್ಷೆಯನ್ನು ಕಾಗದದ ಮೇಲೆ ಮುದ್ರಿಸಿ ಅದರಂತೆ ಕತ್ತರಿಸುವುದು ಇನ್ನೂ ಅಪಾಯ, ಏಕೆಂದರೆ ಮುದ್ರಣಯಂತ್ರ ಚಿತ್ರವನ್ನು ಕಾಗದದ ಅಳತೆಗೆ ಕುಗ್ಗಿಸಿರುತ್ತದೆ. ಬಟ್ಟೆಯನ್ನು ಹಾಸು ಮತ್ತು ಹೊಕ್ಕಿನ ನೇರಕ್ಕೇ, ಅಂದರೆ ನೇಯ್ಗೆಯ ಉದ್ದ ಎಳೆ ಮತ್ತು ಅಡ್ಡ ಎಳೆಗಳ ಗುಂಟವೇ ಕತ್ತರಿಸಬೇಕು. ಅಂಚಿನಲ್ಲಿ ಸಣ್ಣ ಕಚ್ಚು ಹಾಕಿ ಕೈಯಿಂದ ಹರಿದರೆ ಬಟ್ಟೆ ತಾನಾಗಿಯೇ ಎಳೆಯ ನೇರಕ್ಕೆ ಸೀಳುತ್ತದೆ. ಓರೆಯಾಗಿ, ದರ್ಜಿಗಳ ಮಾತಿನಲ್ಲಿ ಕ್ರಾಸ್ ಆಗಿ ಕತ್ತರಿಸಿದ ಚೌಕ ಎಳೆದತ್ತ ಹಿಗ್ಗುತ್ತದೆ. ನಾಲ್ಕು ಬದಿ ಸಮವಿದ್ದ ಮಾತ್ರಕ್ಕೆ ಚೌಕವಾಗದು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದಾಗ ಹದಿನೆಂಟು ಇಂಚಿನ ಮೇಲೆ ಸುಮಾರು ಮೂರು ನೂಲು, ಅಂದರೆ ಇಂಚಿನ ಎಂಟು ಪಾಲಿನಲ್ಲಿ ಮೂರು ಪಾಲು ಬಂದು, ಎರಡೂ ಅಳತೆ ಒಂದೇ ಆಗಿರಬೇಕು.

ಚೌಕದ ಮೇಲೆ ಬೇರೆ ತುಂಡುಗಳನ್ನು ಹಚ್ಚುವುದಿದ್ದರೆ, ಹೆಸರನ್ನೋ ಬಳ್ಳಿಯನ್ನೋ ಕಸೂತಿ ಮಾಡುವುದಿದ್ದರೆ, ಎಲ್ಲ ಕಡೆಯೂ ಅಂಚಿನಿಂದ ಒಂದೂವರೆ ಇಂಚು ಒಳಗೇ ಮುಗಿಸಬೇಕು. ಹಚ್ಚುವ ತುಂಡಿನ ಅಂಚನ್ನು ಮಾತ್ರ ಕಾಲು ಇಂಚು ಒಳಕ್ಕೆ ಮಡಿಚಬೇಕು; ಮಡಿಚುವ ಆಸೆ ತೀರಿಸಿಕೊಳ್ಳಲು ಅಷ್ಟು ಜಾಗ ಸಾಕು. ಗುಂಡಿ, ಕನ್ನಡಿ, ಮಣಿ ಬೇಡ, ಮೈಗೆ ಚುಚ್ಚುತ್ತವೆ. ಗುರುತನ್ನು ಸಾಬೂನಿನ ಚೂರಿನಿಂದ ಹಾಕಬೇಕು. ಬಾಲ್ ಪೆನ್ನಿನ ಶಾಯಿ ಒಗೆತದಲ್ಲಿ ಹರಡುತ್ತದೆ. ಉಲನ್ ಹೆಣಿಗೆ ಬಲ್ಲವರು ಕಡ್ಡಿಯಲ್ಲಿ ಹೆಣೆದ ಚೌಕವನ್ನು ಪ್ರೀತಿಯಿಂದ ಕೊಟ್ಟರೂ ಅದನ್ನು ಬಟ್ಟೆಯ ಚೌಕಗಳೊಡನೆ ಸೇರಿಸಬಾರದು, ಏಕೆಂದರೆ ಹೆಣಿಗೆ ಹಿಗ್ಗುತ್ತದೆ, ನೇಯ್ದ ಬಟ್ಟೆ ಹಿಗ್ಗುವುದಿಲ್ಲ. ಹೆಣೆಯುವವರು ಹಲವರಿದ್ದರೆ ಅವರದೇ ಬೇರೊಂದು ಹೊದಿಕೆಯಾಗಲಿ.

ಕಳುಹಿಸುವವರ ಹೆಸರಿನ ಚೀಟಿಯನ್ನು ದಾರದಿಂದ ಒಂದು ಟಾಕು ಹಾಕಿ ಹಿಡಿಸಬೇಕು. ಪಿನ್ನು ಬೇಡ: ಕರಾವಳಿಯ ಹವೆಯಲ್ಲಿ ಅದು ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಿಲ್ಲ, ಮತ್ತು ತುಕ್ಕಿನ ಕಲೆ ಸಾಬೂನಿಗೆ ಬಗ್ಗುವುದಿಲ್ಲ.

ಜೋಡಣೆ

ಬಂದ ಚೌಕಗಳನ್ನು ನೆಲದ ಮೇಲೆ ಹರಡಿ, ಗಾಢ ಬಣ್ಣದವು ಒಂದೇ ಕಡೆ ಗುಂಪಾಗದಂತೆ ಹೊಂದಿಸಿ, ಐದೈದರ ಏಳು ಸಾಲು ಹೊಲಿದುಕೊಂಡು, ಆಮೇಲೆ ಸಾಲಿಗೆ ಸಾಲು ಕೂಡಿಸಬೇಕು. ಎರಡು ಚೌಕಗಳ ಮೇಲ್ಮೈಗಳು ಪರಸ್ಪರ ಎದುರಾಗುವಂತೆ ಇಟ್ಟು, ಅಂಚಿನಿಂದ ಸರಿಯಾಗಿ ಅರ್ಧ ಇಂಚು ಒಳಗೆ ಹೊಲಿಗೆ ಹಾಕಬೇಕು. ಈ ಕೆಲಸಕ್ಕೆ ಹೊಲಿಗೆಯಂತ್ರ ಬಳಸಿದರೆ ತಪ್ಪೇನಿಲ್ಲ.

ಒಳಪದರ ಮತ್ತು ಅಡಿಪದರಕ್ಕೆ ಮೂರು ಹಳೆಯ ಸೀರೆಗಳು ಸಾಕು. ಪ್ರತಿ ಸೀರೆಯಿಂದ 90 ಇಂಚಿನ ಎರಡು ತುಂಡು ಕತ್ತರಿಸಿ, ಉದ್ದಕ್ಕೆ ಕೂಡಿಸಿ, ಅಗಲವನ್ನು 66 ಇಂಚಿಗೆ ಇಳಿಸಿಕೊಳ್ಳಬೇಕು. ಕೂಡಿಸಿದ ಗೆರೆ ಮೂರೂ ಪದರಗಳಲ್ಲಿ ಒಂದರ ಮೇಲೊಂದು ಬರದಂತೆ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಸರಿಸಬೇಕು. ಅಡಿಪದರಕ್ಕೆ ಹೊಸ ಬಟ್ಟೆ ತಂದರೆ ಒಮ್ಮೆ ಒಗೆದು ಒಣಗಿಸದೆ ಹಾಕಬಾರದು, ಏಕೆಂದರೆ ಹಳೆಯ ಸೀರೆ ಕುಗ್ಗುವುದನ್ನು ಎಂದೋ ಮುಗಿಸಿದೆ, ಹೊಸದು ಇನ್ನು ಕುಗ್ಗಬೇಕಾಗಿದೆ.

ಎಲ್ಲವನ್ನೂ ಸುಕ್ಕಿಲ್ಲದಂತೆ ಹಾಸಿ, ನಡುವಿನಿಂದ ಹೊರಕ್ಕೆ ಗೇಣಿಗೊಂದರಂತೆ ಕಚ್ಚಾ ಹೊಲಿಗೆ, ಅಂದರೆ ಆಮೇಲೆ ಬಿಚ್ಚಿ ತೆಗೆಯುವ ಉದ್ದುದ್ದ ಹೊಲಿಗೆ ಹಾಕಬೇಕು. ಬಳಿಕ ಸೂಜಿಯನ್ನು ಕೆಳಗಿಳಿಸಿ ಮೇಲೆತ್ತುತ್ತ ಸಾಗುವ ಸಾದಾ ಹೊಲಿಗೆಯನ್ನು ಎರಡು ಬೆರಳು ಅಂತರದ ಸಾಲುಗಳಲ್ಲಿ ಹೊಲಿಯಬೇಕು. ಸಿದ್ದಿ ಮಹಿಳೆಯರು ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ ಹೂ ಕೂರಿಸುತ್ತಾರೆ. ಅದು ನೋಡಲು ಚೆಂದ, ಆದರೆ ಪಳಗಿದ ಕೈಯ ಕೆಲಸ. ಹೊಸಬರು ನೇರ ಸಾಲುಗಳನ್ನೇ ಹಿಡಿಯುವುದು ಕ್ಷೇಮ. ದಾರ ಹತ್ತಿಯದಿರಲಿ, ಒಂದು ಸಲಕ್ಕೆ ಒಂದು ಮೊಳಕ್ಕಿಂತ ಉದ್ದ ಪೋಣಿಸಿದರೆ ಗಂಟಾಗುತ್ತದೆ. ಗೋಣಿ ಹೊಲಿಯುವ ದಬ್ಬಣ ಖಂಡಿತ ಬೇಡ, ಅದು ಹಳೆಯ ಬಟ್ಟೆಯಲ್ಲಿ ಉಳಿಯುವ ತೂತು ಮಾಡುತ್ತದೆ. ಸಾಲಿನ ಕೊನೆಗೆ ಗಂಟು ಹಾಕುವ ಬದಲು ಅದೇ ಜಾಗದಲ್ಲಿ ಎರಡು ಮೂರು ಸಲ ಹಿಂದಕ್ಕೆ ಹೊಲಿದು ದಾರ ಮುಗಿಸಬೇಕು.

ಕೊನೆಯ ಹಂತಗಳು ಸಂಕ್ಷೇಪದಲ್ಲಿ: ಹೊರಗುಳಿದ ಎರಡು ಒಳಪದರಗಳ ಅಂಚನ್ನು ಮೇಲುಪದರದ ಸಮಕ್ಕೆ ಕತ್ತರಿಸಿ, ಅಡಿಪದರದ ಹೆಚ್ಚುವರಿ ಬಟ್ಟೆಯನ್ನು ಮೇಲಕ್ಕೆ ಮಡಿಚಿ ಹೊಲಿದರೆ ಅಂಚುಪಟ್ಟಿಯಾಗುತ್ತದೆ, ಸೀರೆಯ ದಡಿ ಉಳಿದಿದ್ದರೆ ಅದನ್ನೂ ಪಟ್ಟಿಯಾಗಿ ಹಾಕಬಹುದು. ಚೌಕಗಳನ್ನು ದೀಪಾವಳಿಯ ಸುಮಾರಿಗೆ ತರಿಸಿಕೊಂಡು, ಮೃಗಶಿರ ಮಳೆ ಹಿಡಿಯುವ ಮೊದಲೇ ಕೌದಿಯನ್ನು ಒಗೆದು ಎರಡು ದಿನದ ಬಿಸಿಲಿನಲ್ಲಿ ಒಣಗಿಸಬೇಕು, ಏಕೆಂದರೆ ನಾಲ್ಕು ಪದರದ ಬಟ್ಟೆ ಮಳೆಗಾಲದಲ್ಲಿ ಒಳಗಿನವರೆಗೆ ಒಣಗದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟು, ಶ್ರಾವಣದಲ್ಲಿ ಬಿಸಿಲು ಕಂಡ ದಿನ ಹೊರಗೆ ಹರಡಬೇಕು. ಬೂಷ್ಟಿನ ಕಪ್ಪು ಚುಕ್ಕೆ ಒಮ್ಮೆ ನೂಲಿನೊಳಗೆ ಇಳಿದರೆ ಬ್ಲೀಚಿಂಗ್ ಪುಡಿಯಿಲ್ಲದೆ ಹೋಗುವುದು ಕಷ್ಟ. ಬ್ಲೀಚಿಂಗ್ ಪುಡಿ ಬಿದ್ದರೆ ಸೀರೆಯ ಬಣ್ಣವೂ ಉಳಿಯುವುದಿಲ್ಲ.