ಗೀಚಿದ ಗೆರೆ ಮತ್ತು ಸುಪ್ತ ಮನಸ್ಸು

ಫೋನಿನಲ್ಲಿ ಮಾತಾಡುವಾಗ ಕೈಯಲ್ಲಿ ಪೆನ್ನಿದ್ದರೆ ನೀವು ಏನು ಮಾಡುತ್ತೀರಿ? ಹಾಲಿನ ಲೆಕ್ಕದ ಚೀಟಿಯ ಮೇಲೆ ಸುರುಳಿ, ಚೌಕ, ಕಣ್ಣು, ಏನಾದರೊಂದು ಗೀಚಿರುತ್ತೀರಿ. ಬರೆಯಬೇಕೆಂದು ಬರೆದದ್ದಲ್ಲ ಅದು.

ಇಂಥ ಗೀಚಾಟವನ್ನು ಗಂಭೀರವಾಗಿ ತೆಗೆದುಕೊಂಡವರಿದ್ದಾರೆ. ಫ್ರಾನ್ಸಿನ ಆಂದ್ರೆ ಬ್ರೆಟನ್ ಓದಿದ್ದು ವೈದ್ಯಕೀಯ. ಮೊದಲ ಮಹಾಯುದ್ಧದಲ್ಲಿ ಮನಸ್ಸು ಕದಡಿಹೋದ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಅವರ ಕನಸು, ತೊದಲು ಮಾತುಗಳನ್ನು ಕಿವಿಗೊಟ್ಟು ಕೇಳಿದ. ಫ್ರಾಯ್ಡ್ ಹೇಳಿದ ಸುಪ್ತ ಮನಸ್ಸಿನ ವಿಚಾರ ಅವನಿಗೆ ಹಿಡಿಸಿತು. 1924ರಲ್ಲಿ ಸರ್ರಿಯಲಿಸಂ, ಅಂದರೆ ಅತಿವಾಸ್ತವವಾದದ ಪ್ರಣಾಳಿಕೆ ಬರೆದ. ಅವನ ಗುಂಪಿನ ಆಂದ್ರೆ ಮಾಸೋನ್ ಮೊದಲೇ ಏನೂ ಯೋಚಿಸದೆ ಕೈ ಹೋದ ಕಡೆ ಗೆರೆ ಎಳೆಯುತ್ತಿದ್ದ. ಡಾಲಿಯ ಕರಗಿ ಜೋತುಬಿದ್ದ ಗಡಿಯಾರಗಳು (1931) ಎಲ್ಲರಿಗೂ ಗೊತ್ತು.

ನಮಗೆ ಮುಖ್ಯವಾದದ್ದು ಅಮೆರಿಕದ ಜಾಕ್ಸನ್ ಪೊಲಾಕ್ ಕಥೆ. ಕುಡಿತದ ಚಟಕ್ಕೆ 1939ರಲ್ಲಿ ಮನೋವೈದ್ಯರ ಬಳಿ ಹೋದ. ಮಾತು ಹೊರಡುತ್ತಿರಲಿಲ್ಲ. ತಾನು ಬರೆದ ಚಿತ್ರಗಳನ್ನು ತಂದು ಮುಂದಿಟ್ಟ. ಅವುಗಳ ಮೂಲಕವೇ ಮಾತು ಶುರುವಾಯಿತು. ಮುಂದೆ ಬಣ್ಣ ಚೆಲ್ಲಿ, ತೊಟ್ಟಿಕ್ಕಿಸಿ ಮಾಡಿದ ಅಮೂರ್ತ ಚಿತ್ರಗಳಿಂದ ದೊಡ್ಡ ಹೆಸರಾಯಿತು. ಆದರೆ ಚಟ ಬಿಡಲಿಲ್ಲ. 1956ರಲ್ಲಿ ಕುಡಿದು ಕಾರು ಓಡಿಸಿ ತೀರಿಕೊಂಡ. ಚಿತ್ರ ಬಾಯಿ ತೆರೆಸಿತು, ಕಾಯಿಲೆ ವಾಸಿ ಮಾಡಲಿಲ್ಲ. ಬಣ್ಣ ಹಚ್ಚಿದರೆ ಖಿನ್ನತೆ ಮಾಯ ಎನ್ನುವ ಮೆಸೇಜ್ ಬಂದರೆ ಇದನ್ನು ನೆನಪಿಡಿ.

ಈಗ ನಿಮ್ಮ ಮನೆಯ ಮಗು. ಶಾಲೆಯಲ್ಲಿ ಮರಾಠಿ ಅಥವಾ ತಮಿಳು, ಗೆಳೆಯರ ಜೊತೆ ಹಿಂದಿ, ಮನೆಯಲ್ಲಿ ಕನ್ನಡ. ಬೇಜಾರಾಗಿದೆ ಎಂದು ಯಾವ ಭಾಷೆಯಲ್ಲಿ ಹೇಳಬೇಕೋ ಅದಕ್ಕೇ ತಿಳಿಯದಿರಬಹುದು. ಮನೆಯ ಚಿತ್ರ ಬರೆದು ಪೂರ್ತಿ ಕಪ್ಪು ಬಳಿದರೆ ಗಾಬರಿ ಬೇಡ. ಬಾಕ್ಸಿನಲ್ಲಿ ಉಳಿದದ್ದು ಕಪ್ಪು ಕ್ರೇಯಾನ್ ಒಂದೇ ಇರಬಹುದು! ಈ ಬಣ್ಣಕ್ಕೆ ಈ ಅರ್ಥ ಎನ್ನುವ ಪಟ್ಟಿಗಳನ್ನು ನಂಬಬೇಡಿ. "ಯಾಕೆ ಹೀಗೆ ಬರೆದೆ?" ಅಂದರೆ ಮಗುವಿಗೆ ಗದರಿದಂತೆ ಕೇಳುತ್ತದೆ. "ಇದರ ಕಥೆ ಹೇಳು ಪುಟ್ಟಾ" ಎಂದು ಪಕ್ಕದಲ್ಲಿ ಕೂತುಬಿಡಿ.

ಇಂಗ್ಲೆಂಡಿನ ಮಕ್ಕಳ ವೈದ್ಯ ವಿನಿಕಾಟ್ ಮಕ್ಕಳ ಜೊತೆ ಒಂದು ಆಟ ಆಡುತ್ತಿದ್ದರು. ನೀವು ಕಣ್ಣು ಮುಚ್ಚಿ ಒಂದು ಗೆರೆ ಗೀಚಿ. ಮಗು ಅದನ್ನು ಆನೆಯೋ ದೆವ್ವವೋ ಮಾಡಲಿ. ಆಮೇಲೆ ಮಗು ಗೀಚಲಿ, ನೀವು ಮುಗಿಸಿ. ಅಜ್ಜಿ ತಾತ ಊರಿಂದ ಬಂದಿದ್ದರೆ ಅವರನ್ನೂ ಕೂರಿಸಿ.

ನಿದ್ದೆ, ಊಟ, ಆಟ ಎರಡು ವಾರಕ್ಕಿಂತ ಹೆಚ್ಚು ಏರುಪೇರಾಗಿದ್ದರೆ ಮಾತ್ರ ಚಿತ್ರ ನೋಡುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416. ಚಿತ್ರದ ಹಾಳೆಯನ್ನು ಎಸೆಯದೆ, ಹಿಂದೆ ತಾರೀಖು ಬರೆದು ಜೊತೆಗೆ ಒಯ್ಯಿರಿ.