ಮಾನಸಿಕ ಕಾಯಿಲೆ ಇರುವವರು ಮಕ್ಕಳನ್ನು ಬೆಳೆಸಬಹುದೇ?

ಮಾನಸಿಕ ಕಾಯಿಲೆಗೆ ಔಷಧಿ ಪಡೆದು ಗುಣಮುಖರಾಗುತ್ತಿರುವ ತಾಯಂದಿರು, ತಂದೆಯರು ವೈದ್ಯರ ಮುಂದೆ ನಿದ್ರೆ, ಹಸಿವುಗಳ ಬಗ್ಗೆ ಹೇಳಿಕೊಳ್ಳುತ್ತಾರೆ. ಎದ್ದು ಹೊರಡುವಾಗ ಮಾತ್ರ ಮೆಲ್ಲನೆ ಕೇಳುತ್ತಾರೆ, "ನನ್ನ ಕೈಲಿ ಮಗು ಸಾಕೋದು ಆಗುತ್ತದೆಯೇ?" ನಿಮ್ಮ ಮನಸ್ಸಿನಲ್ಲೂ ಈ ಪ್ರಶ್ನೆ ಇದ್ದರೆ ಇದನ್ನು ಓದಿರಿ. ಮಾತ್ರೆಯಿಂದ ಕಣ್ಣು ಮಂಜಾಗಿದ್ದರೆ ಜೊತೆಗೆ ಬಂದವರಿಂದ ಓದಿಸಿರಿ. ಅರ್ಧ ಮಾತು ಅವರಿಗಾಗಿಯೇ ಇದೆ.

ಬಹಳಷ್ಟು ಜನರಿಗೆ ಆಗುತ್ತದೆ. ಖಿನ್ನತೆ, ಬೈಪೋಲಾರ್ ಕಾಯಿಲೆ, ಸ್ಕಿಜೋಫ್ರೇನಿಯಾ ಇರುವ ಎಷ್ಟೋ ಜನ ಚಿಕಿತ್ಸೆ ಪಡೆಯುತ್ತಲೇ ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡಿದ್ದಾರೆ. ಕಾಯಿಲೆ ಕೆಲವು ದಿನ ಶಕ್ತಿಯನ್ನು ಕಸಿಯುತ್ತದೆ. ಧೈರ್ಯವನ್ನು ಕಸಿಯುವುದು ಎಷ್ಟೋ ಸಲ ಮನೆಯವರ ಮಾತು. "ನಿನಗೆ ತಿಳಿಯೋದಿಲ್ಲ, ಕೂಸನ್ನ ಇಲ್ಲಿ ಕೊಡು" ಎಂದು ಅತ್ತೆಯೋ ಅಕ್ಕನೋ ಎತ್ತಿಕೊಂಡು ಹೋಗುತ್ತಾರೆ. ಅವರದು ಕಾಳಜಿಯೇ, ಕಾಯಿಲೆ ಜೋರಿದ್ದಾಗ ಅದು ಬೇಕಾಗಿಯೂ ಇತ್ತು. ಆದರೆ ಗುಣವಾದ ಮೇಲೂ ಮಗುವನ್ನು ಕೊಡದಿದ್ದರೆ ಆ ತಾಯಿ ತನ್ನ ಮನೆಯಲ್ಲೇ ಬಂದುಹೋಗುವ ನೆಂಟಳಂತಾಗುತ್ತಾಳೆ.

"ನಾನು ಮಾಡಬಲ್ಲೆ" ಎಂಬ ನಂಬಿಕೆ ಹೇಗೆ ಹುಟ್ಟುತ್ತದೆ ಎಂಬುದನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದರು. ಸ್ವತಃ ಮಾಡಿ ಸಫಲರಾಗುವುದೇ ಅದರ ಮುಖ್ಯ ಮೂಲ. ಬರಿಯ ಉಪದೇಶದಿಂದ ಬರುವುದು ಕಡಿಮೆ. ಆದ್ದರಿಂದ ಮಗುವಿನ ಒಂದು ಕೆಲಸವನ್ನು ನಿಮ್ಮದೆಂದು ಇಟ್ಟುಕೊಳ್ಳಿರಿ. ತಲೆ ಬಾಚುವುದಿರಲಿ, ಅನ್ನ ಕಲಸಿ ಉಣಿಸುವುದಿರಲಿ, ಅಂಗನವಾಡಿಯವರೆಗೆ ಕೈಹಿಡಿದು ನಡೆಯುವುದಿರಲಿ, ದಿನವೂ ಅದೇ ಹೊತ್ತಿಗೆ ಮಾಡಿರಿ. ಅದು ರೂಢಿಯಾದ ಮೇಲೆ ಇನ್ನೊಂದನ್ನು ಸೇರಿಸಿರಿ. ಮನೆಯವರು ಹತ್ತಿರದಲ್ಲಿರಲಿ, ಆದರೆ ಕೈ ಹಾಕದಿರಲಿ. ಅನ್ನ ಸ್ವಲ್ಪ ಚೆಲ್ಲಿದರೆ ಏನೂ ಆಗುವುದಿಲ್ಲ.

ಬೆಳಗಿನ ಮಂಪರು ಹೆಚ್ಚಿದ್ದರೆ ಸಂಜೆಯ ಕೆಲಸ ಆರಿಸಿಕೊಂಡು ವೈದ್ಯರಿಗೂ ತಿಳಿಸಿರಿ. ಮಾತ್ರೆಯ ಹೊತ್ತನ್ನೋ ಪ್ರಮಾಣವನ್ನೋ ಅವರು ಬದಲಿಸಬಹುದು. ಮಗುವಿನ ಸಲುವಾಗಿ ಎಂದು ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿರಿ. ಮಗು ಬೇಕೆನ್ನುವವರು, ಎದೆಹಾಲು ಕುಡಿಸುವವರು ಮುಂಚೆಯೇ ಕೇಳಬೇಕು. ವಾಲ್ಪ್ರೊಯೇಟ್ ಮಾತ್ರೆ ಗರ್ಭದಲ್ಲಿರುವ ಶಿಶುವಿಗೆ ಹಾನಿಕರ. ಅದನ್ನು ವೈದ್ಯರ ಸಲಹೆಯಂತೆ ಬದಲಿಸಬೇಕು.

"ಮಗುವಿಗೂ ಬಂದೀತೇ?" ಎಂಬ ಭಯ ಇನ್ನೊಂದು. ಸ್ಕಿಜೋಫ್ರೇನಿಯಾ ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು 1 ಜನಕ್ಕೆ ಬರುತ್ತದೆ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು 10. ಉಳಿದ 90 ಮಕ್ಕಳಿಗೆ ಬರುವುದಿಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಅಂಟುವ ಕಾಯಿಲೆಯಂತೂ ಇದಲ್ಲ.

ಮಗುವಿನಿಂದ ಕಾಯಿಲೆಯನ್ನು ಪೂರ್ತಿ ಮುಚ್ಚಿಡಬೇಡಿರಿ. ಅಪ್ಪ ಮೂಲೆಯಲ್ಲಿ ಸುಮ್ಮನೆ ಕೂತರೆ ಮಕ್ಕಳು ತಮ್ಮದೇ ತಪ್ಪೆಂದು ತಿಳಿಯುತ್ತಾರೆ. "ಅಪ್ಪನಿಗೆ ಆರಾಮಿಲ್ಲ, ಮಾತ್ರೆ ತಗೋತಿದ್ದಾನೆ, ನಿನ್ನಿಂದ ಆದದ್ದಲ್ಲ" ಎಂದರೆ ಸಾಕು.

ದಾಖಲಾದರೆ ಮಗುವನ್ನು ಕಿತ್ತುಕೊಳ್ಳುತ್ತಾರೆಂದು ಹೆದರಿ ಚಿಕಿತ್ಸೆ ತಪ್ಪಿಸಬೇಡಿರಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ, ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದ್ದರೆ ಬೇರೆ ಇಡಬಹುದು. ಆಗಲೂ 15 ದಿನಕ್ಕೊಮ್ಮೆ ಪರಿಶೀಲಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗೆ ಇರುವ ವಾರ್ಡು 2009ರಲ್ಲಿ ಆರಂಭವಾಯಿತು.

ಹೆರಿಗೆಯಾದ ವಾರಗಳಲ್ಲಿ ಬಾಣಂತಿ ನಿದ್ರೆಯಿಲ್ಲದೆ ಅಸಂಬದ್ಧ ಮಾತಾಡಿದರೆ, ಮಗು ತನ್ನದಲ್ಲವೆಂದರೆ, ಅಥವಾ ಯಾರಿಗೇ ಆಗಲಿ ತನಗೋ ಮಗುವಿಗೋ ಹಾನಿ ಮಾಡುವ ಯೋಚನೆ ಬಂದರೆ, ಮಗುವನ್ನು ಮತ್ತೊಬ್ಬರ ಕೈಗೆ ಕೊಟ್ಟು ಅದೇ ದಿನ ಆಸ್ಪತ್ರೆಗೆ ಕರೆತನ್ನಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅಂಥ ದಿನ ಮಗು ಯಾರ ಬಳಿ ಇರಬೇಕು, ಏನು ಉಣ್ಣುತ್ತದೆ, ಏನು ಹೇಳಿದರೆ ಮಲಗುತ್ತದೆ ಎಂಬುದನ್ನು ನೀವು ಚೆನ್ನಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟಿಡಿರಿ.