ಮೈನಸ್ ಒಂದರ ಸುಳ್ಳುಸಾಕ್ಷ್ಯ

ನೆಟ್‌ವರ್ಕ್ ಕಾರ್ಡುಗಳಿಗೆ ಲಿನಕ್ಸ್ ಡ್ರೈವರ್ ಬರೆಯುವ ವೃತ್ತಿಯನ್ನು ಹಿಡಿದು ಪುಣೆಯ ಬಿಬವೇವಾಡಿಯಲ್ಲಿ ನೆಲಸಿರುವ ನನಗೆ, ಪ್ಯಾಕೆಟ್ಟುಗಳನ್ನು ವೇಗವಾಗಿ ಸಾಗಿಸುವ ಚಾತುರ್ಯಕ್ಕಿಂತಲೂ, ಸಾಗಿಸಲಾಗದೆ ಹೋದಾಗ ಆ ವೈಫಲ್ಯದ ಕಾರಣವನ್ನು ಯಥಾವತ್ತಾಗಿ ಮೇಲಕ್ಕೆ ತಿಳಿಸುವ ಪ್ರಾಮಾಣಿಕತೆಯೇ ದೊಡ್ಡದೆಂಬ ನಂಬಿಕೆ ವರ್ಷದಿಂದ ವರ್ಷಕ್ಕೆ ದೃಢವಾಗುತ್ತ ಬಂದಿದೆ. ಈ ಊರಿಗೆ ಇಂಥ ಕೆಲಸ ಹೊಸದಲ್ಲ. 1988ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು 1991ರಲ್ಲಿ ಪರಮ್ 8000 ಮಹಾಗಣಕವನ್ನು ರಚಿಸಿ, ಮುಂದೆ ಪರಮ್‌ನೆಟ್ ಎಂಬ ಸ್ವಂತ ಜಾಲವನ್ನೂ ನಿರ್ಮಿಸಿದ್ದು ಪುಣೆಯಲ್ಲಿಯೇ. ಯಂತ್ರವು ಎಲ್ಲಿ ಹುಟ್ಟುವುದೋ ಅಲ್ಲಿ ಅದರ ಪರವಾಗಿ ಮಾತನಾಡತಕ್ಕ ಡ್ರೈವರೂ ಹುಟ್ಟಬೇಕಷ್ಟೆ.

ಲಿನಕ್ಸಿನ ಸಂಪ್ರದಾಯ ಸರಳವಾದುದು. ಕಾರ್ಯ ಕೈಗೂಡಿದರೆ ಸೊನ್ನೆ. ಕೆಟ್ಟರೆ ಕಾರಣಕ್ಕೆ ತಕ್ಕ ಋಣಸಂಖ್ಯೆ. ಮೆಮೊರಿ ದೊರೆಯದಿದ್ದರೆ -12, ಸಾಧನವೇ ಇಲ್ಲದಿದ್ದರೆ -19, ಕಾದರೂ ಉತ್ತರ ಬಾರದಿದ್ದರೆ -110. ಆದರೆ ಏನು ಕೆಟ್ಟರೂ -1 ಎಂದುಬಿಡುವ ವಾಡಿಕೆ ಎಷ್ಟೋ ಡ್ರೈವರುಗಳಲ್ಲಿ ಉಂಟು. ಆ ಸಂಖ್ಯೆಗೆ ‘ಅನುಮತಿಯಿಲ್ಲ’ ಎಂಬ ನಿಶ್ಚಿತಾರ್ಥ ಮೊದಲೇ ಇರುವುದನ್ನು ಬರೆಯುವವರು ನೆನೆಯುವುದಿಲ್ಲ.

ಮಾರ್ಕೆಟ್ ಯಾರ್ಡಿನ ಬಳಿಯ ಗೋದಾಮೊಂದರಲ್ಲಿ, ಹೊರಗಿನ ತಯಾರಕರ ಡ್ರೈವರನ್ನು ಹೊತ್ತ ರೌಟರೊಂದರ ಪೋರ್ಟು ಏಳಲೊಲ್ಲದೆ ಹೋದಾಗ, ಅಕ್ಕಲಕೋಟೆಯ ಕಡೆಯ ಕನ್ನಡಿಗನಾದ ನನ್ನ ತರುಣ ಸಹೋದ್ಯೋಗಿ ಅಲ್ಲಿಂದ ಫೋನು ಮಾಡಿ, “ಸರ್, ರೂಟ್ ಆಗೇ ಕುಂತೀನ್ರಿ, ಆದ್ರೂ ಪರ್ಮಿಶನ್ ಇಲ್ಲ ಅನ್ಲಾಕತ್ತದರಿ” ಎಂದನು. ಪಾಸ್‌ವರ್ಡು, ಲೈಸೆನ್ಸು, ಭದ್ರತಾನಿಯಮಗಳು ಎಂದು ಅವನು ಒಂದೊಂದನ್ನೂ ತಡಕಿ ದಣಿದಿದ್ದನು. ಸಂಗತಿಯೋ ಬೇರೆಯೇ ಆಗಿದ್ದಿತು: ಪೋರ್ಟನ್ನು ತೆರೆಯುವಾಗ ಡಿಎಂಎ ರಿಂಗಿಗೆ ಬೇಕಾದ ಅಖಂಡ ಮೆಮೊರಿ ದೊರೆತಿರಲಿಲ್ಲ, ಕೆಳಗಿನ ಫಂಕ್ಷನ್ -12 ಎಂದು ನಿಜವನ್ನೇ ನುಡಿದಿದ್ದಿತು, ನಡುವಿನದು ಆ ಸಾಕ್ಷ್ಯವನ್ನು ಅಳಿಸಿ -1ನ್ನು ಮೇಲಕ್ಕೆ ಕಳುಹಿಸಿದ್ದಿತು. ರಿಂಗಿನ ಗಾತ್ರವನ್ನು ತಗ್ಗಿಸಿದೊಡನೆ ಪೋರ್ಟು ಎದ್ದಿತು. ಬರೆದವನಿಗೆ ಅರೆನಿಮಿಷ ಉಳಿಸಿದ ಆ ಉದಾಸೀನ, ಗೋದಾಮಿನಲ್ಲಿ ನಿಂತವನ ಇಡೀ ಹಗಲನ್ನು ನುಂಗಿತು.

ಇದಕ್ಕಿಂತಲೂ ಸೂಕ್ಷ್ಮವಾದ ಅಪಾಯ ಈಥರ್ನೆಟ್ಟಿನ ತಂತಿಯೊಡನೆ ವ್ಯವಹರಿಸುವ ಫೈ ಚಿಪ್ಪನ್ನು ಓದುವಲ್ಲಿ ಅಡಗಿದೆ. ಅದರ ರಿಜಿಸ್ಟರುಗಳು 16 ಬಿಟ್ಟಿನವು. ಓದುವ ಫಂಕ್ಷನ್ ಮಾತ್ರ, ಋಣಸಂಖ್ಯೆಗೂ ಎಡೆಯಿರಲೆಂದು, ಪೂರ್ಣ ಇಂಟನ್ನು ಕೊಡುತ್ತದೆ. ಆ ಉತ್ತರವನ್ನು ಪರೀಕ್ಷಿಸದೆ 16 ಬಿಟ್ಟಿನ ಚಿಹ್ನೆರಹಿತ ವೇರಿಯಬಲ್ಲಿಗೆ ತುಂಬಿದರೆ -110 ಎಂಬುದು 65426 ಆಗಿ ರೂಪಾಂತರ ಹೊಂದುತ್ತದೆ. ಅದನ್ನೇ ಸ್ಥಿತಿಸೂಚಕ ರಿಜಿಸ್ಟರಿನ ಮೌಲ್ಯವೆಂದು ಬಿಡಿಸಿ ನೋಡಿದರೆ ಲಿಂಕಿನ ಬಿಟ್ಟು ಸೊನ್ನೆಯಾಗಿಯೂ, ಎದುರು ತುದಿಯ ದೋಷವನ್ನು ಸಾರುವ ಬಿಟ್ಟು ಒಂದಾಗಿಯೂ ಕಾಣಬರುತ್ತದೆ. ಆ ಚಿಪ್ಪನ್ನು ಓದುವ ನಮ್ಮದೇ ಬೋರ್ಡಿನ ಬಸ್ಸು ಮೌನವಾಗಿರುವಾಗ ಅಪವಾದವು ಆಚೆಯ ಸ್ವಿಚ್ಚಿನ ಮೇಲೆ ಬೀಳುತ್ತದೆ! -19ರ ಗತಿ ಇನ್ನೂ ವಿಪರೀತ: ಅದು 65517 ಆಗಿ, ‘ಸಾಧನವಿಲ್ಲ’ ಎನ್ನಬೇಕಾದ ಸಂಖ್ಯೆಯೇ ‘ಲಿಂಕ್ ಸಿದ್ಧವಾಗಿದೆ’ ಎಂದು ಘೋಷಿಸುತ್ತದೆ.

ಪ್ಯಾಕೆಟ್ ಕಳುಹಿಸುವ ಫಂಕ್ಷನ್ನಿಗೆ ಪ್ರತ್ಯೇಕ ಒಪ್ಪಂದವಿದೆ. ‘ಬ್ಯುಸಿ’ ಎಂದರೆ ಪ್ಯಾಕೆಟ್ಟು ಇನ್ನೂ ಕರ್ನಲಿನ ಸ್ವತ್ತು, ಡ್ರೈವರು ಅದನ್ನು ಮುಟ್ಟಕೂಡದು. ‘ಓಕೆ’ ಎಂದರೆ ಅದರ ಹೊಣೆ ಡ್ರೈವರಿಗೆ ಸಂದಿತು. ಪ್ಯಾಕೆಟ್ಟನ್ನು ಕೈಬಿಡಬೇಕಾಗಿ ಬಂದರೂ ಮೆಮೊರಿಯನ್ನು ಬಿಡುಗಡೆಗೊಳಿಸಿ, ಡ್ರಾಪ್ ಎಣಿಕೆಯನ್ನು ಏರಿಸಿ, ‘ಓಕೆ’ ಎನ್ನುವುದೇ ಸರಿಯಾದ ಕ್ರಮ. ಬಿಡುಗಡೆಗೊಳಿಸಿಯೂ ‘ಬ್ಯುಸಿ’ ಎಂದರೆ ಕರ್ನಲು ಇಲ್ಲದ ಪ್ಯಾಕೆಟ್ಟನ್ನು ಮತ್ತೆ ಎತ್ತಹೋಗಿ ಕುಸಿಯುವುದು.

ಇಂಥ ತಪ್ಪುಗಳಲ್ಲಿ ಕೆಲವನ್ನು ಹಿಡಿಯುವ ಸಾಧನಗಳುಂಟು. ಚೆಕ್‌ಪ್ಯಾಚ್ ಎಂಬುದು ಧನಚಿಹ್ನೆಯಿಂದ ಹಿಂತಿರುಗಿಸಿದ ಎರರ್ ಕೋಡನ್ನು ಎತ್ತಿ ತೋರಿಸುತ್ತದೆ. ಕರ್ನಲಿನ ಒಳಬಳಕೆಯದಾಗಿದ್ದು, ಹೊರಗೆ ಬಂದರೆ ‘ಅಜ್ಞಾತ ದೋಷ 524’ ಎಂದಷ್ಟೇ ಕಾಣುವ ಸಂಖ್ಯೆಗೆ ಬದಲಾಗಿ -95ನ್ನು ಬಳಸಿರೆಂದೂ ಸೂಚಿಸುತ್ತದೆ. -12 ಎನ್ನಬೇಕಾದಲ್ಲಿ -1 ಎಂದರೆ ಸ್ಮ್ಯಾಚ್ ಎಂಬ ಇನ್ನೊಂದು ಸಾಧನವು ಆಕ್ಷೇಪಿಸುತ್ತದೆ. ಎರಡೂ ಉಚಿತವಾಗಿ ದೊರೆಯತಕ್ಕವು. ಈ ವೃತ್ತಿಗೆ ಬರುತ್ತಿರುವ ಕನ್ನಡದ ತರುಣ ತರುಣಿಯರು ಪ್ಯಾಚನ್ನು ಕಳುಹಿಸುವ ಮುನ್ನ ಇವೆರಡನ್ನೂ ನಡೆಸಿ, ಆಮೇಲೆ ಪೋರ್ಟನ್ನು ತೆರೆಯುವ ಫಂಕ್ಷನ್ನಿನಲ್ಲಿ ಒಂದೊಂದು ಸೋಲನ್ನೂ ಬೇಕೆಂದೇ ಉಂಟುಮಾಡಿ, ಪರದೆಯ ಮೇಲೆ ಯಾವ ಕಾರಣ ಮೂಡುವುದೆಂಬುದನ್ನು ಕಣ್ಣಾರೆ ನೋಡಬೇಕೆಂದು ಪ್ರಾರ್ಥಿಸುತ್ತೇನೆ.